ಅಪ್ಪ ಹಾರಿಸಿದ ಪಾರಿವಾಳ

ಮೊನ್ನೆ ಟೀ ಅಂಗಡಿ ಮುಂದೆ ನಮ್ಮ ಸಿನಿಮಾ ಗೆಳೆಯರ ಹರಟೆ. ಯಾರು ಏನು ನೋಡಿದ್ರಿ ಅನ್ನೋದರಿಂದ ಶುರುವಾದ ಮಾತು ‘ಕಸ್ತೂರಿ ನಿವಾಸ’ಕ್ಕೆ ಬಂತು. 1971ರ ಕಪ್ಪು-ಬಿಳುಪೇ ಚೆಂದ ಅಂತ ಒಬ್ಬ, 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದದ್ದೇ ಚೆಂದ ಅಂತ ಇನ್ನೊಬ್ಬ. ನಾನು ಮಾತ್ರ ಗಪ್‌ಚುಪ್!

ನಮ್ಮ ಮನೇಲಿ ಅದರ ವಿಸಿಡಿ ಇತ್ತು. ಎರಡನೇ ಡಿಸ್ಕಿಗೆ ಗೀರು ಬಿದ್ದು, ಕ್ಲೈಮ್ಯಾಕ್ಸಿಗೆ ಸರಿಯಾಗಿ ಚಿತ್ರ ನಿಂತುಬಿಡೋದು. ಮುಂದಿನ ಕಥೆ ಅಪ್ಪನ ಬಾಯಲ್ಲಿ! ಅಣ್ಣಾವ್ರು ಪಾರಿವಾಳವನ್ನು ಹಾರಿಬಿಟ್ಟರು, ಅದು ಕಾಯಿಲೆ ಮಗುವಿನ ಕಿಟಕಿಗೆ ಹೋಗಿ ಕೂತಿತು, ಮಗು ನಕ್ಕಿತು... ನನಗೆ ಗೊತ್ತಿದ್ದ ಕೊನೆ ಇಷ್ಟೇ.

2014ರಲ್ಲಿ ಪಿಯುಸಿ ಕ್ಲಾಸಿಗೆ ಚಕ್ಕರ್ ಹೊಡೆದು ಥಿಯೇಟರಿಗೆ ಹೋದೆ. (ಆ ಓದೂ ಮುಂದೆ ಅರ್ಧಕ್ಕೇ ನಿಂತಿತು ಬಿಡಿ!) ತೆರೆಯ ಮೇಲೆ ಪಾರಿವಾಳ ಹಾರಲೇ ಇಲ್ಲ. ಮನೆಗೆ ಬಂದ ನೀಲಾಳ ಊಟಕ್ಕೆ ಅದೇ ಹೋಗಿತ್ತು. ಆಕೆ ಕೇಳಲು ಬಂದದ್ದೂ ಅದನ್ನೇ! ಕೊಡಲು ಏನೂ ಉಳಿಯದೆ ನಾಯಕ ಕಣ್ಣು ಮುಚ್ಚಿದ.

ಮನೆಗೆ ಬಂದು ಅಪ್ಪನನ್ನು ಕೇಳಿದೆ.

“ಅವತ್ತು ನಿನಗೆ ಜ್ವರ ಕಣೋ. ಪಾರಿವಾಳ ಏನಾಯ್ತು ಅಂತ ಕೇಳ್ತಾನೇ ಇದ್ದೆ. ಇನ್ನೇನು ಹೇಳಲಿ?” ಅಂದ್ರು.

ಈಗ ಅಪ್ಪ ಇಲ್ಲ. ಬಣ್ಣದ್ದು ಚೆಂದವೋ, ಕಪ್ಪು-ಬಿಳುಪೋ, ಗೆಳೆಯರೇ ತೀರ್ಮಾನ ಮಾಡಿಕೊಳ್ಳಲಿ. ಆ ಗೀರು ಬಿದ್ದ ಡಿಸ್ಕನ್ನು ಮಾತ್ರ ನಾನು ಯಾರಿಗೂ ಕೊಡೋದಿಲ್ಲ.