ಸಾಂತೋರಿನಿಯ ಮೆಟ್ಟಿಲುಗಳೂ ಜೇಬಿನ ಸಕ್ಕರೆಯೂ

ಏಜಿಯನ್ ಸಮುದ್ರದಲ್ಲಿ ಬೆಳಗಾಗುವ ಹೊತ್ತಿಗೆ ವಿಹಾರನೌಕೆಗಳು ಸಾಂತೋರಿನಿಯ ಕೊಲ್ಲಿಯನ್ನು ಮೆಲ್ಲನೆ ಪ್ರವೇಶಿಸುತ್ತವೆ. ಹಡಗಿನ ಅಟ್ಟದ ಮೇಲೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ನೀರಿನಿಂದ ನೆಟ್ಟಗೆ ಮೇಲೆದ್ದ ಗೋಡೆಯಂಥ ಬಂಡೆ. ಕಪ್ಪು, ಕೆಂಪು, ಬೂದಿ ಬಣ್ಣಗಳನ್ನು ಪಟ್ಟೆಪಟ್ಟೆಯಾಗಿ ಬಳಿದಂತಿರುವ ಆ ಗೋಡೆಯ ನೆತ್ತಿಯಲ್ಲಿ ಬಿಳಿಯ ಮನೆಗಳ ಸಾಲು. ದೂರದಿಂದ ಅದನ್ನು ಹಿಮವೆಂದು ಭ್ರಮಿಸಿದರೂ ಆಶ್ಚರ್ಯವಿಲ್ಲ. ಸುಮಾರು 3,600 ವರ್ಷಗಳ ಹಿಂದೆ ಇಲ್ಲಿಯ ಅಗ್ನಿಪರ್ವತ ಭಯಂಕರವಾಗಿ ಸಿಡಿದು ದ್ವೀಪದ ನಡುಭಾಗ ಕುಸಿಯಿತು. ಇಂದಿನ ಯಾತ್ರಿಕರ ಹಡಗು ತೇಲುವುದು ಜ್ವಾಲಾಮುಖಿಯ ಬಾಯಿಯ ಮೇಲೆಯೇ!

ಈ ಸೊಬಗನ್ನು ನೋಡಲು ಬರುವವರಲ್ಲಿ ನಡುವಯಸ್ಸು ಮೀರಿದವರೂ ಅನೇಕರು; ಅವರಲ್ಲಿ ಮಧುಮೇಹಿಗಳೂ ಕಡಿಮೆಯಲ್ಲ. ಹಡಗಿನ ಮೇಲಿರುವಷ್ಟು ಕಾಲ ಅವರ ಚಿಂತೆ ಒಂದೇ: ಹಗಲಿರುಳೂ ತೆರೆದಿರುವ ಭೋಜನಶಾಲೆಯಲ್ಲಿ ನಾಲಿಗೆಯನ್ನು ಬಿಗಿಹಿಡಿಯುವುದು ಹೇಗೆ? ದಡಕ್ಕಿಳಿದ ಕೂಡಲೇ ಈ ಚಿಂತೆ ತಲೆಕೆಳಗಾಗುತ್ತದೆ. ಅಲ್ಲಿ ಅಂಜಬೇಕಾದುದು ರಕ್ತದ ಸಕ್ಕರೆ ಏರುವುದಕ್ಕಲ್ಲ, ಇಳಿಯುವುದಕ್ಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ವರ್ಗದ ಮಾತ್ರೆಗಳನ್ನು ನುಂಗುವವರಿಗೂ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಭಯ ಬಹುಮಟ್ಟಿಗೆ ಇಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ದೊಡ್ಡ ಹಡಗು ನಿಲ್ಲಲು ಇಲ್ಲಿ ಧಕ್ಕೆಯಿಲ್ಲ. ಪ್ರಯಾಣಿಕರನ್ನು ಚಿಕ್ಕ ದೋಣಿಗಳಲ್ಲಿ ತಂಡತಂಡವಾಗಿ ದಡ ಸೇರಿಸಬೇಕು. ಮಧುಮೇಹಿಯು ಏಳು ಗಂಟೆಗೆ ಔಷಧ ತೆಗೆದುಕೊಂಡು, ದೋಣಿ ತಪ್ಪೀತೆಂಬ ಆತುರದಲ್ಲಿ ಅರ್ಧ ತಿಂಡಿ ತಿಂದು, ಎದೆಗೆ ತಂಡದ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಕಾಯುತ್ತ ಕುಳಿತಿರುತ್ತಾನೆ. ಸರದಿ ಬರುವುದು ಎಷ್ಟು ಹೊತ್ತಿಗೋ! ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ಯಾರ ಸರದಿಗೂ ಕಾಯುವುದಿಲ್ಲ. ಅದು ತನ್ನ ಕಾಲಕ್ಕೆ ತನ್ನ ಕೆಲಸವನ್ನು ಆರಂಭಿಸಿಬಿಡುತ್ತದೆ.

ಹಳೆಯ ಬಂದರಿನಿಂದ ಮೇಲಿನ ಫಿರಾ ಪಟ್ಟಣಕ್ಕೆ 200 ಮೀಟರಿಗೂ ಮಿಕ್ಕ ಏರು. ಹಗ್ಗದ ಮೇಲೆ ಜಾರುವ ತೊಟ್ಟಿಲುಗಾಡಿಯಲ್ಲಿ ಕುಳಿತರೆ ಕೆಲವೇ ನಿಮಿಷಗಳ ಹಾದಿ. ಹೇಸರಗತ್ತೆಯ ಬೆನ್ನೇರಿ ಹೋಗುವವರೂ ಉಂಟು. ಆ ಮೂಕಪ್ರಾಣಿಗಳ ಪಾಡನ್ನು ಕಂಡು ಅವುಗಳ ಮೇಲೆ 100 ಕಿಲೋಗ್ರಾಂಗಿಂತ ಹೆಚ್ಚಿನ ಭಾರ ಹೇರಕೂಡದೆಂದು 2018ರಲ್ಲಿ ಗ್ರೀಸ್ ಸರ್ಕಾರ ನಿಯಮ ಮಾಡಿತು. ಉಳಿದದ್ದು 580ಕ್ಕೂ ಹೆಚ್ಚು ಮೆಟ್ಟಿಲುಗಳ ಹಾದಿ. ಕಲ್ಲುಗಳು ಸವೆದು ನುಣುಪಾಗಿವೆ, ನೆರಳು ಅಪರೂಪ, ಬೇಸಗೆಯಲ್ಲಿ ಬಿಸಿಲು ಬಂಡೆಗೆ ತಾಗಿ ಮುಖಕ್ಕೆ ರಾಚುತ್ತದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿಯ ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಬಿಸಿಲಿನ ಕಾವಿಗೆ ಚರ್ಮದಡಿಯ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಆದುದರಿಂದ ಹತ್ತುವ ಮನಸ್ಸಿರುವವನು ಮೊದಲು ಬೆರಳಿನ ತುದಿಯ ರಕ್ತ ಪರೀಕ್ಷಿಸಿ, ನಾಲ್ಕು ಬಿಸ್ಕತ್ತನ್ನಾದರೂ ತಿಂದು ಹತ್ತುವುದು ಲೇಸು. ಅಂದಿನ ಔಷಧದ ಪ್ರಮಾಣವನ್ನು ಕಡಿಮೆ ಮಾಡಬೇಕೇ ಎಂಬುದನ್ನು ಊರು ಬಿಡುವ ಮುನ್ನವೇ ವೈದ್ಯರಲ್ಲಿ ಕೇಳಿಟ್ಟುಕೊಂಡಿರಬೇಕು.

ಹಡಗಿನ ಭೋಜನಶಾಲೆಯಿಂದ ಬಾಳೆಹಣ್ಣನ್ನೋ ಬ್ರೆಡ್ಡನ್ನೋ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರಾಯಿತೆಂದು ಎಣಿಸುವವರಿದ್ದಾರೆ. ಇದು ಎಲ್ಲ ಬಂದರುಗಳಲ್ಲೂ ನಡೆಯದು. ಹಣ್ಣು, ಮಾಂಸ, ಹಾಲಿನ ಪದಾರ್ಥಗಳನ್ನು ದಡಕ್ಕೆ ಒಯ್ಯಲು ಅನೇಕ ದೇಶಗಳಲ್ಲಿ ತಡೆಯುಂಟು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಂತೂ ದಂಡವನ್ನೇ ತೆರಬೇಕಾದೀತು. ಕಾರ್ಖಾನೆಯ ಮೊಹರು ಒಡೆಯದ ಬಿಸ್ಕತ್ತಿನ ಪೊಟ್ಟಣ, ಗ್ಲೂಕೋಸ್ ಗುಳಿಗೆ ಇವುಗಳಿಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಕನ್ನಡ ನಾಡಿನಿಂದ ಹೊರಟವರ ಚೀಲದಲ್ಲಿ ಚಕ್ಕುಲಿ, ಕೋಡುಬಳೆ, ಹುರಿಗಡಲೆ ಇರುವುದು ಸಹಜವಷ್ಟೆ. ಹುರಿಗಡಲೆ ಎರಡು ಊಟಗಳ ನಡುವಿನ ಅಂತರವನ್ನು ದಾಟಿಸಲು ಉತ್ತಮ ಸಂಗಾತಿ. ಆದರೆ ಸಕ್ಕರೆ ಈಗಾಗಲೇ ಕುಸಿಯುತ್ತಿದ್ದಾಗ ಚಕ್ಕುಲಿಯನ್ನು ನೆಚ್ಚಿದವನು ಕೆಟ್ಟ. ಅದರಲ್ಲಿರುವ ಎಣ್ಣೆ ಜೀರ್ಣಕ್ರಿಯೆಯನ್ನು ತಡಮಾಡುತ್ತದೆ. ಚಾಕೊಲೇಟಿನದೂ ಇದೇ ದೋಷ.

ದ್ವೀಪದ ಆಹಾರವೂ ಮಧುಮೇಹಿಗೆ ವೈರಿಯಲ್ಲ. ಇಲ್ಲಿ ‘ಫಾವಾ’ ಎಂಬ ಹಳದಿ ಬೇಳೆಯನ್ನು ಬೇಯಿಸಿ, ಮಸೆದು, ಆಲಿವ್ ಎಣ್ಣೆ ಈರುಳ್ಳಿ ಸೇರಿಸಿ ಬಡಿಸುತ್ತಾರೆ. ಇದು ಭಾರತದ ಕೇಸರಿ ಬೇಳೆಯ ಸೋದರ ಸಂಬಂಧಿ. ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋಗಿದ್ದ ಅಕ್ರೋತಿರಿ ಎಂಬ ಪ್ರಾಚೀನ ಪಟ್ಟಣದ ಉತ್ಖನನವನ್ನು 1967ರಲ್ಲಿ ಸ್ಪಿರಿಡಾನ್ ಮಾರಿನಾಟೋಸ್ ಆರಂಭಿಸಿದರು. ಅಲ್ಲಿಯ ಮಣ್ಣಿನ ಗುಡಾಣಗಳಲ್ಲಿ ಇದೇ ಬೇಳೆಯ ಅವಶೇಷ ದೊರೆತಿದೆ. ಸಾವಿರಾರು ವರ್ಷಗಳ ಹಿಂದಿನ ಗೃಹಿಣಿ ಕೂಡಿಟ್ಟ ಧಾನ್ಯವನ್ನು ಇಂದಿನ ಯಾತ್ರಿಕ ತಟ್ಟೆಯಲ್ಲಿ ಕಾಣುವುದೆಂದರೆ ಸಾಮಾನ್ಯವೇ? ನಿಧಾನವಾಗಿ ಅರಗುವ ಈ ಬೇಳೆ ಸಕ್ಕರೆಯನ್ನು ಹೊತ್ತುಹೊತ್ತಿನವರೆಗೆ ಹಿಡಿದು ನಿಲ್ಲಿಸುತ್ತದೆ. ಎಳ್ಳು, ಜೇನು ಬೆರೆಸಿ ಮಾಡಿದ ‘ಪಾಸ್ತೇಲಿ’ ಎಂಬ ಬಿಲ್ಲೆಯಂತೂ ಎಳ್ಳುಚಿಕ್ಕಿಯ ಅಕ್ಕನೋ ತಂಗಿಯೋ ಎನ್ನುವಂತಿದೆ. ಎಚ್ಚರ ಬೇಕಾದುದು ಬಿಸಿಲಿನಲ್ಲಿ ಒಣಗಿಸಿದ ದ್ರಾಕ್ಷಿಯಿಂದ ತೆಗೆವ ‘ವಿನ್‌ಸಾಂತೋ’ ಎಂಬ ಸಿಹಿ ಮದ್ಯದ ವಿಷಯದಲ್ಲಿ. ಸಿಹಿಯಲ್ಲವೇ ಎಂದು ಬರಿಹೊಟ್ಟೆಯಲ್ಲಿ ಕುಡಿದರೆ, ಮದ್ಯವನ್ನು ಕರಗಿಸುವುದರಲ್ಲಿ ತೊಡಗಿದ ಯಕೃತ್ತು ಗ್ಲೂಕೋಸನ್ನು ಬಿಡುಗಡೆ ಮಾಡುವ ತನ್ನ ನಿತ್ಯದ ಕರ್ತವ್ಯವನ್ನು ಹಿಂದಕ್ಕೆ ಹಾಕುತ್ತದೆ. ಫಲ ಕಾಣಿಸುವುದು ಕೆಲವು ತಾಸುಗಳ ಮೇಲೆ.

ಇಯಾ ಗ್ರಾಮದ ನೀಲಿ ಗುಮ್ಮಟಗಳನ್ನು ನೋಡಿ, 1956ರ ಭೂಕಂಪದಲ್ಲಿ ನೆಲಕಚ್ಚಿ ಮತ್ತೆ ಎದ್ದ ಮನೆಗಳ ನಡುವೆ ಸುತ್ತಾಡಿ, ಮಧ್ಯಾಹ್ನ ಮೀರಿ ಫಿರಾಗೆ ಹಿಂತಿರುಗಿದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಎಲ್ಲ ಹಡಗುಗಳ ಜನರೂ ಒಮ್ಮೆಗೇ ತೊಟ್ಟಿಲುಗಾಡಿಯ ಮುಂದೆ ಸಾಲುಗಟ್ಟುತ್ತಾರೆ. ದಿನಕ್ಕೆ 8,000 ಹಡಗಿನ ಯಾತ್ರಿಕರೆಂಬ ಮಿತಿ 2025ರಲ್ಲಿ ಜಾರಿಗೆ ಬಂದಿದ್ದರೂ ಓಣಿಗಳು ಮೊದಲಿನಷ್ಟೇ ಕಿರಿದು. ಸಾಲು ಒಂದು ಗಂಟೆ ಹಿಡಿದರೂ ಹಿಡಿದೀತು. ಊಟ ತಪ್ಪಿದೆ, ಕೊನೆಯ ದೋಣಿಯ ವೇಳೆ ಸಮೀಪಿಸುತ್ತಿದೆ. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ, ಎದೆಯಲ್ಲಿ ಡವಡವ. ಬಿಸಿಲಿಗೆ ಯಾರು ತಾನೇ ಬೆವರುವುದಿಲ್ಲ? ಎಂದು ಅವನು ಸಮಾಧಾನ ತಂದುಕೊಳ್ಳುತ್ತಾನೆ. ಪಕ್ಕದವರ ಮೇಲೆ ಕಾರಣವಿಲ್ಲದೆ ರೇಗುತ್ತಾನೆ. ಇಷ್ಟರಲ್ಲಿ ಬುದ್ಧಿಗೆ ಮಂಕು ಕವಿಯತೊಡಗುತ್ತದೆ; ತನಗೇನಾಗುತ್ತಿದೆಯೆಂದು ತಿಳಿಯುವ ಶಕ್ತಿಯೇ ಮೊದಲು ಹೋಗುವುದು ಈ ಅವಸ್ಥೆಯ ಕ್ರೌರ್ಯ.

ಆಗ ಬೇಕಾದುದು 15 ಗ್ರಾಂ ಶೀಘ್ರ ಶರ್ಕರ: ನಾಲ್ಕು ಗ್ರಾಮಿನ ಗ್ಲೂಕೋಸ್ ಗುಳಿಗೆಗಳಾದರೆ ನಾಲ್ಕು, ಸಕ್ಕರೆಯಾದರೆ ಮೂರು ಚಹಾಚಮಚ, ಹಣ್ಣಿನ ರಸವಾದರೆ ಅರ್ಧ ಲೋಟ. 15 ನಿಮಿಷ ಕಳೆದು ಮತ್ತೆ ಪರೀಕ್ಷೆ. ಇನ್ನೂ 70 ಮಿಲಿಗ್ರಾಮಿನ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಚೇತರಿಸಿಕೊಂಡ ಬಳಿಕ ಬಿಸ್ಕತ್ತು, ಕಡಲೆ. ಒಂದು ಸೂಕ್ಷ್ಮವುಂಟು: ಭಾರತದಲ್ಲಿ ಅನೇಕರು ಸೇವಿಸುವ ವೋಗ್ಲಿಬೋಸ್ ಮಾತ್ರೆ ಸಾಮಾನ್ಯ ಸಕ್ಕರೆಯ ಜೀರ್ಣವನ್ನು ತಡೆಯುತ್ತದೆ; ಅಂಥವರಿಗೆ ಗ್ಲೂಕೋಸೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗಂತೂ ಏನನ್ನೂ ಹಾಕಬಾರದು. ಗ್ರೀಸಿನಲ್ಲಿ ತುರ್ತು ನೆರವಿನ ಸಂಖ್ಯೆ 112.

ಈ ಗುಳಿಗೆಗಳು ಇರಬೇಕಾದುದು ಎಲ್ಲಿ? ಬಸ್ಸಿನ ಆಸನದ ಮೇಲೆ ಬಿಟ್ಟುಬಂದ ಚೀಲದಲ್ಲಲ್ಲ. ಅಂಗಡಿಯ ಕಿಟಕಿಯ ಮುಂದೆ ಹಿಂದುಳಿದ ಹೆಂಡತಿಯ ಕೈಚೀಲದಲ್ಲಿಯೂ ಅಲ್ಲ. ಅವನದೇ ಅಂಗಿಯ ಜೇಬಿನಲ್ಲಿ.

ಸಂಜೆ ದೋಣಿ ಹಡಗನ್ನು ಸೇರುವಾಗ ಬಂಡೆಯ ಗೋಡೆ ಹೊಂಬಣ್ಣಕ್ಕೆ ತಿರುಗಿರುತ್ತದೆ. ಯಾತ್ರಿಕರು ಅಟ್ಟದ ಮೇಲೆ ನೆರೆದು ಸೂರ್ಯಾಸ್ತ ನೋಡುತ್ತಾರೆ. ದಣಿದ ಸ್ನಾಯುಗಳು ಇರುಳಿಡೀ ಗ್ಲೂಕೋಸನ್ನು ಸೆಳೆಯುತ್ತಲೇ ಇರುವುದರಿಂದ, ಮಲಗುವ ಮುನ್ನ ಮಧುಮೇಹಿಗೆ ಇನ್ನೊಂದು ಪರೀಕ್ಷೆ, ಬೇಕಾದರೆ ಇನ್ನೆರಡು ಬಿಸ್ಕತ್ತು. ಜೇಬಿನಲ್ಲಿ ಖಾಲಿಯಾದ ಗುಳಿಗೆಗಳ ಜಾಗವನ್ನೂ ಆಗಲೇ ತುಂಬಿಡಬೇಕು. ಬೆಳಗಾಗುವುದರೊಳಗೆ ಹಡಗು ಇನ್ನೊಂದು ಬಂದರಿನ ಮುಂದಿರುತ್ತದೆ.