ದುಡ್ಡು ಯಾರ ಕೈಯಲ್ಲಿದೆ ಎಂದು ಕೇಳುವ ಕಾಲ

ನಮ್ಮೂರು ಕರಿಕೆಯಲ್ಲಿ ನಾನು ಯೂನಿಟ್ ಟ್ರಸ್ಟಿನ ಅರ್ಜಿ ತುಂಬಿಸಿಕೊಡಲು ಶುರುಮಾಡಿದಾಗ ಅಡಿಕೆ, ಕರಿಮೆಣಸು ಮಾರಿದ ಹಣ ತಂದವರು ಕೇಳುತ್ತಿದ್ದುದು ಒಂದೇ ಮಾತು: ‘ಸರ್ಕಾರದ್ದು ತಾನೆ?’ ಟ್ರಸ್ಟಿನ 1964ರ ಯುಎಸ್-64 ಯೋಜನೆ ಇರಲಿ, ಷೇರುಗಳಲ್ಲೇ ಹಣ ತೊಡಗಿಸುತ್ತಿದ್ದ 1986ರ ಮಾಸ್ಟರ್‌ಶೇರ್ ಇರಲಿ, ಅದನ್ನು ನಡೆಸುವವರು ಯಾರೆಂಬ ಯೋಚನೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. 1994ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಗ್ರೋತ್ ಫಂಡ್ ಬಂದಾಗ ನಗರಗಳಲ್ಲಿ ಜನ ಸಾಲುಗಟ್ಟಿದ್ದೂ ಹೆಸರು ನೋಡಿಯೇ.

2001ರ ಜುಲೈಯಲ್ಲಿ ಯೂನಿಟ್ ಟ್ರಸ್ಟ್ ಯುಎಸ್-64ರ ಯೂನಿಟ್ಟುಗಳನ್ನು ಮರಳಿ ಕೊಳ್ಳುವುದನ್ನು ನಿಲ್ಲಿಸಿತು. ಆ ಮೇಲೆ ಪ್ರಶ್ನೆಯೇ ಬದಲಾಯಿತು. ರಬ್ಬರ್ ತೋಟದ ಒಬ್ಬ ಹಿರಿಯ ಹೆಂಗಸು ಯೋಜನೆಯ ಮಾಹಿತಿ ಪುಸ್ತಕವನ್ನು ನನ್ನ ಮುಂದಿಟ್ಟು, ಫಂಡ್ ಮ್ಯಾನೇಜರ್ ಹೆಸರಿನ ಮೇಲೆ ಬೆರಳಿಟ್ಟು, ‘ಅಣ್ಣ, ಇವರು ಎಂಥ ಓದಿದ್ದಾರೆ? ಮೊದಲು ಎಲ್ಲಿದ್ದರು?’ ಎಂದರು. ವಯಸ್ಸು, ವಿದ್ಯಾರ್ಹತೆ, ಹಿಂದಿನ ಕೆಲಸ ಎಲ್ಲ ಅಲ್ಲೇ ಅಚ್ಚಾಗಿತ್ತು. ನಾನು ಓದಿ ಹೇಳಿದೆ.

ಅಂದಿನಿಂದ ಆ ಪುಟವನ್ನೇ ಮೊದಲು ತೆರೆಯುತ್ತೇನೆ. ಹೆಚ್ಚಿನ ಮ್ಯಾನೇಜರುಗಳ ದಾರಿ ಒಂದೇ: ಸಿಎ ಅಥವಾ ಎಂಬಿಎ, ಕೆಲವರಿಗೆ ಸಿಎಫ್‌ಎ, ಬಳಿಕ ಬ್ರೋಕರ್ ಸಂಸ್ಥೆಯಲ್ಲೋ ಫಂಡ್ ಸಂಸ್ಥೆಯಲ್ಲೋ ವಿಶ್ಲೇಷಕನ ಕೆಲಸ. ಔಷಧಿಯೋ ಬ್ಯಾಂಕೋ, ಒಂದು ರಂಗವನ್ನು ಹಿಡಿದು ವಾರ್ಷಿಕ ವರದಿ ಓದಬೇಕು, ಕಾರ್ಖಾನೆಗೆ ಹೋಗಬೇಕು, ಡೀಲರುಗಳನ್ನು ಮಾತಾಡಿಸಬೇಕು. ಗ್ರೋತ್ ಫಂಡಿನವರಿಗೆ ಈ ತಿರುಗಾಟ ಇನ್ನೂ ಮುಖ್ಯ. ಲಾಭ ಬೇಗ ಬೆಳೆಯುವ ಕಂಪನಿಯ ಷೇರು ಅಗ್ಗಕ್ಕೆ ಸಿಗುವುದು ಅಪರೂಪ. ಆ ಬೆಳವಣಿಗೆ ನಿಂತರೆ ಬೆಲೆ ಧೊಪ್ಪನೆ ಬೀಳುತ್ತದೆ. ಹಾಗಾಗಿ ಪದವಿಗಿಂತ ಹೆಚ್ಚಾಗಿ, 2008ರ ಕುಸಿತದಲ್ಲಿ, 2020ರ ಮಾರ್ಚಿನಲ್ಲಿ ಅವರು ಎಲ್ಲಿದ್ದರೆಂದು ನೋಡುತ್ತೇನೆ. ಸೊರಗು ರೋಗಕ್ಕೆ ಬಳ್ಳಿ ಕಳೆದುಕೊಂಡ ಮೆಣಸಿನ ಬೆಳೆಗಾರನ ಮಾತಿಗೆ ನಮ್ಮಲ್ಲಿ ತೂಕವಿರುವುದು ಇದೇ ಕಾರಣಕ್ಕೆ.

ಏಜೆಂಟರ ಬದುಕೂ ಬದಲಾಯಿತು. 2009ರ ಆಗಸ್ಟಿನಲ್ಲಿ, ಹೂಡುವಾಗಲೇ ಕಡಿತವಾಗುತ್ತಿದ್ದ ಎಂಟ್ರಿ ಲೋಡ್ ಹೋಯಿತು, 2013ರಲ್ಲಿ ಏಜೆಂಟರಿಲ್ಲದೆ ಹೂಡುವ ಡೈರೆಕ್ಟ್ ಪ್ಲಾನ್ ಬಂತು. ನನಗೆ ಆದಾಯ ಇಳಿದರೂ ಹೂಡಿದವರಿಗೆ ಅದು ನ್ಯಾಯವೇ. ಅದಕ್ಕಿಂತ ದೊಡ್ಡದು 2021ರ ಅಕ್ಟೋಬರಿನಲ್ಲಿ ಜಾರಿಯಾದ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ: ಫಂಡ್ ಸಂಸ್ಥೆಯ ಮುಖ್ಯ ಸಿಬ್ಬಂದಿಯ ವೇತನದಲ್ಲಿ ಕನಿಷ್ಠ ಶೇ 20ರಷ್ಟು ಅವರದೇ ಯೋಜನೆಗಳ ಯೂನಿಟ್ಟುಗಳಾಗಿ ಇರಬೇಕೆಂದಿತು.

ಈಗಿನ ಹುಡುಗರು ಸಿಗ್ನಲ್ ಸಿಗುವ ಕಡೆ ನಿಂತು ಫೋನಿನಲ್ಲೇ ಹಣ ಹಾಕುತ್ತಾರೆ. ಐದು ವರ್ಷದ ಲಾಭ ತೋರಿಸಿ, ‘ಇದು ಒಳ್ಳೆಯದಾ?’ ಎನ್ನುತ್ತಾರೆ. ಈ ಮ್ಯಾನೇಜರ್ ಯಾವಾಗ ಬಂದರು ನೋಡು ಎನ್ನುತ್ತೇನೆ. ಹೋದ ವರ್ಷ ಬಂದವರಾದರೆ ಆ ಲಾಭ ಬಹುಪಾಲು ಹಿಂದಿದ್ದವರ ದುಡಿಮೆ. ಆ ಹಿಂದಿನವರು ಈಗ ಯಾವ ಫಂಡಿನಲ್ಲಿದ್ದಾರೆ ಎಂಬುದನ್ನೂ ಹುಡುಕಿಸುತ್ತೇನೆ.