ತಾಯಿ ಬರೆದಿಟ್ಟ ತಾರೀಖು

2021ರ ಜುಲೈ ತಿಂಗಳ ಮೊದಲ ವಾರ. ಗಡಹಿಂಗ್ಲಜ ಸಮೀಪದ ಹಳ್ಳಿಯೊಂದರಲ್ಲಿ, ಅಜ್ಜಿಯ ಮನೆಯ ಪಡಸಾಲೆಯಲ್ಲಿ, ಏಳು ವರ್ಷದ ಹುಡುಗನೊಬ್ಬ ಮೂರು ದಿನಗಳಿಂದ ಜ್ವರದಲ್ಲಿ ಮಲಗಿದ್ದನು. ಇಚಲಕರಂಜಿಯ ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಅವನ ಹೆಸರಿತ್ತು. ಶಾಲೆಯ ಬಾಗಿಲು ಮಾತ್ರ ಹಿಂದಿನ ವರ್ಷದ ಮಾರ್ಚಿನಿಂದ ಮುಚ್ಚಿಯೇ ಇತ್ತು. ಯಂತ್ರಮಗ್ಗದ ಕೆಲಸಗಾರನಾದ ತಂದೆ ಹೆಂಡತಿಯನ್ನೂ ಮಗನನ್ನೂ ಊರಿಗೆ ತಂದುಬಿಟ್ಟಿದ್ದನು.

ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಜ್ವರ ಇಳಿಯಲಿಲ್ಲ. ಹೊಟ್ಟೆನೋವು, ವಾಂತಿ, ಭೇದಿ ಶುರುವಾದವು. ಕಣ್ಣುಗಳು ಕೆಂಪಗಾದವು, ಆದರೆ ಪಿಚ್ಚು ಇರಲಿಲ್ಲ. ಎದೆಯ ಮೇಲೆ ಕೆಂಪು ದದ್ದುಗಳೆದ್ದವು. ನಾಲ್ಕನೆಯ ದಿನ ಮಗುವಿನ ಕೈಕಾಲು ತಣ್ಣಗಾಗತೊಡಗಿದಾಗ ಗಡಹಿಂಗ್ಲಜಕ್ಕೆ ಕರೆದೊಯ್ದರು.

ಅಲ್ಲಿಯ ವೈದ್ಯರು ಹೊಟ್ಟೆ ಮುಟ್ಟಿ ನೋಡಿದರು. ಬಲಗಡೆಯ ಕೆಳಭಾಗ ಒತ್ತಿದಾಗ ಹುಡುಗ ಚೀರಿದನು. ಮೊದಲ ಸಂಶಯ ಅಪೆಂಡಿಕ್ಸಿನ ಮೇಲೆ. ಸೋನೊಗ್ರಫಿ ಮಾಡಿಸಿದಾಗ ಅಪೆಂಡಿಕ್ಸು ಸರಿಯಾಗಿಯೇ ಇತ್ತು. ಆದರೆ ಅದರ ಸುತ್ತಲಿನ ದುಗ್ಧಗ್ರಂಥಿಗಳು ಊದಿದ್ದವು. ಕರುಳಿನ ಗೋಡೆ ದಪ್ಪವಾಗಿತ್ತು. ಹೊಟ್ಟೆಯೊಳಗೆ ತುಸು ನೀರು ನಿಂತಿತ್ತು. ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳು ಇರಬೇಕಾದುದಕ್ಕಿಂತ ಕೊಂಚ ಅಗಲವಾಗಿ ಕಾಣುತ್ತಿತ್ತು. ವೈದ್ಯರು ಎರಡೂ ಚಿತ್ರಗಳನ್ನು ಮತ್ತೊಮ್ಮೆ ನೋಡಿ ತಂದೆಯ ಕಡೆ ತಿರುಗಿದರು. ಗಡಿಭಾಗದ ಊರಾದುದರಿಂದ ಅವರಿಗೆ ಕನ್ನಡ ಬರುತ್ತಿತ್ತು.

"ಹಿಂದಿನ ಒಂದೂವರಿ ತಿಂಗಳದಾಗ ಮನ್ಯಾಗ ಯಾರಿಗಾದ್ರೂ ಕರೋನಾ ಬಂದಿತ್ತೇನು?"

"ಇಲ್ರಿ ಸಾಹೇಬ್ರ, ಯಾರಿಗೂ ಬಂದಿಲ್ಲ," ಎಂದನು ತಂದೆ.

ಅದು ಸುಳ್ಳು. ಮೇ ತಿಂಗಳ ಕೊನೆಯಲ್ಲಿ ಅವನಿಗೇ ಬಂದಿತ್ತು. ಆ ದಿನಗಳಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಎರಡನೆಯ ಅಲೆ ಬೇರೆಡೆ ಇಳಿದ ಮೇಲೂ ಇಳಿಯದೆ ನಿಂತಿತ್ತು. ಸುದ್ದಿ ಹೊರಬಿದ್ದರೆ ಬಾಡಿಗೆಯ ಮನೆ ಹೋದೀತು, ಮಗ್ಗದ ಕೆಲಸ ತಪ್ಪೀತು ಎಂಬ ಭಯದಿಂದ ಅವನು ಊರಿಗೆ ಹೋಗಿರುವುದಾಗಿ ಹೇಳಿ ಒಳಕೋಣೆಯಲ್ಲಿ ದಿನ ಕಳೆದಿದ್ದನು. ಮಗನಿಗೂ ಒಂದು ದಿನ ಮೈ ಬೆಚ್ಚಗಾಗಿತ್ತು, ಮರುದಿನ ಆಡುತ್ತಿದ್ದನು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ತಾಯಿ ಮಾತ್ರ ಹಿಡಿದಿದ್ದಳು. ಅವಳು ಕೈಚೀಲದಿಂದ ಮಗನ ಶುದ್ಧಲೇಖನದ ವಹಿಯನ್ನು ಹೊರತೆಗೆದಳು. ಕೊನೆಯ ಪುಟದಲ್ಲಿ ಗಂಡನ ಜ್ವರ ಶುರುವಾದ ದಿನ, ಮಗನ ಮೈ ಬೆಚ್ಚಗಾದ ದಿನ, ಈಗಿನ ಜ್ವರದ ಏರಿಳಿತ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಳು.

"ಸುಳ್ಳು ಯಾಕ ಹೇಳೂದ್ರಿ?" ಎಂದು ಗಂಡನತ್ತ ನೋಡದೆಯೇ ಹೇಳಿದಳು. "ಇವರಿಗೆ ಬಂದಿತ್ರಿ ಸಾಹೇಬ್ರ. ತಾರೀಖು ಇದರಾಗ ಅದಾವು."

ವೈದ್ಯರು ಬಯ್ಯಲಿಲ್ಲ. ತಾರೀಖುಗಳನ್ನು ಎಣಿಸಿದರು. ತಂದೆಯ ಜ್ವರಕ್ಕೂ ಮಗನ ಜ್ವರಕ್ಕೂ ನಡುವೆ ಐದು ವಾರಗಳ ಅಂತರವಿತ್ತು. ಕೂಡಲೇ ಕೊಲ್ಹಾಪುರಕ್ಕೆ ಚೀಟಿ ಬರೆದುಕೊಟ್ಟರು.

ಅವರು ಸಂಶಯಪಟ್ಟ ಕಾಯಿಲೆಗೆ ಎಂ.ಐ.ಎಸ್.-ಸಿ ಎಂದು ಹೆಸರು. ಮಕ್ಕಳಲ್ಲಿ ಹಲವು ಅಂಗಗಳು ಒಟ್ಟಿಗೆ ಉರಿಯೂತಕ್ಕೆ ಒಳಗಾಗುವುದು ಎಂದರ್ಥ. ವೈರಾಣು ಬಂದು ಹೋದ ಎರಡರಿಂದ ಆರು ವಾರಗಳ ಮೇಲೆ ಇದು ತಲೆ ಎತ್ತುತ್ತದೆ. ಆಗ ಮೂಗಿನಲ್ಲಿ ವೈರಾಣು ಸಿಗದೆಯೂ ಇರಬಹುದು. ಅದರೊಡನೆ ಹೋರಾಡಲು ಎದ್ದ ದೇಹದ ಕಾವಲುಪಡೆಯೇ ಹಗೆ ಹೋದ ಮೇಲೂ ಶಸ್ತ್ರ ಕೆಳಗಿಡದೆ ತನ್ನ ಮನೆಯನ್ನೇ ಹೊಡೆಯತೊಡಗುತ್ತದೆ. 2020ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯರು ಈ ಬಗ್ಗೆ ಮೊದಲ ಎಚ್ಚರಿಕೆ ಕೊಟ್ಟರು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಲಕ್ಷಣಗಳನ್ನು ಪಟ್ಟಿಮಾಡಿತು. ಅವು ಬಹುಮಟ್ಟಿಗೆ ಕವಾಸಾಕಿ ರೋಗವನ್ನು ಹೋಲುತ್ತಿದ್ದವು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1961ರಲ್ಲಿ ಮೊದಲು ಕಂಡು, 1967ರಲ್ಲಿ 50 ಮಕ್ಕಳ ವಿವರದೊಡನೆ ಪ್ರಕಟಿಸಿದ ಕಾಯಿಲೆ ಅದು. ಅದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಕರೋನಾದ ನಂತರದ ಈ ಕಾಯಿಲೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನೂ ಹಿಡಿಯಿತು. ಕರೋನಾ ತಗಲಿದ ಮಕ್ಕಳಲ್ಲಿ ಇದು ಬಂದದ್ದು ಬಹಳ ಕೆಲವರಿಗೆ. ಬಂದವರಿಗೆ ಮಾತ್ರ ಗಂಡಾಂತರ ಹೃದಯಕ್ಕೆ.

ಆದುದರಿಂದಲೇ ಕೊಲ್ಹಾಪುರದಲ್ಲಿ ಮೊದಲು ಮಾಡಿದ್ದು ಎಕೋ. ಕತ್ತಲೆ ಕೋಣೆಯಲ್ಲಿ ಹುಡುಗನ ಎದೆಗೆ ತಣ್ಣನೆಯ ಜೆಲ್ಲಿ ಸವರಿದರು. ತಾಯಿ ಕೈ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಕಪ್ಪು ಬಿಳುಪಿನ ಏನೋ ಒಂದು ಮಿಡಿಯುತ್ತಿತ್ತು.

"ಅವ್ವಾ, ಇದು ಟೀವಿ ಏನ?"

"ಹೂಂನಪಾ. ನಿನ್ನ ಎದಿ ಟೀವಿ. ಸುಮ್ಮನ ಮಲಗು."

ಎಕೋದಲ್ಲಿ ಎಕ್ಸ್‌ರೇಯ ಕಿರಣಗಳಿರುವುದಿಲ್ಲ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳು ಎದೆಯೊಳಗೆ ಹೋಗಿ, ಹೃದಯಕ್ಕೆ ತಾಗಿ ಮರಳಿ ಬರುತ್ತವೆ. ಬಾವಿಯೊಳಗೆ ಕೂಗಿದ ಕೂಗು ಮರಳಿದಂತೆ. ಮರಳಿದ ಸದ್ದಿನಿಂದಲೇ ಯಂತ್ರವು ಚಿತ್ರ ಬಿಡಿಸುತ್ತದೆ. ನೋವಿಲ್ಲ, ಎಷ್ಟು ಸಲ ಮಾಡಿದರೂ ಮಗುವಿಗೆ ಕಿರಣದ ಭಯವಿಲ್ಲ. ವೈದ್ಯರು ಅದರಲ್ಲಿ ಮುಖ್ಯವಾಗಿ ನೋಡಿದ್ದು ಎರಡನ್ನು. ಮೊದಲನೆಯದು, ಹೃದಯದ ಎಡ ಕೋಣೆಯು ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬುದು. ಅದು 55ಕ್ಕಿಂತ ಹೆಚ್ಚಿರಬೇಕು. ಹುಡುಗನದು 42ಕ್ಕೆ ಇಳಿದಿತ್ತು. ಎರಡನೆಯದು, ಹೃದಯಕ್ಕೇ ರಕ್ತವುಣಿಸುವ ಪರಿಧಮನಿಗಳ ಅಗಲ. ದೊಡ್ಡವರಲ್ಲಿ ಸಹಜವೆನಿಸುವ 3 ಮಿಲಿಮೀಟರ್ ಚಿಕ್ಕ ಮಗುವಿನಲ್ಲಿ ಊತವಾಗಿರಬಹುದು. ಆದುದರಿಂದ ಮಗುವಿನ ಎತ್ತರ ತೂಕಗಳಿಗೆ ಹೊಂದಿಸಿ ಝಡ್ ಸ್ಕೋರ್ ಎಂಬ ಅಂಕ ತೆಗೆಯುತ್ತಾರೆ. ಅದು 2ರೊಳಗಿದ್ದರೆ ಸಹಜ, 2.5 ದಾಟಿದರೆ ಧಮನಿ ಉಬ್ಬಿದೆ ಎಂದು ಅರ್ಥ. ಹುಡುಗನ ಅಂಕ ಈ ಎರಡರ ನಡುವೆ ನಿಂತಿತ್ತು.

ವೈದ್ಯರು ಮರಾಠಿಯಲ್ಲಿ ತಿಳಿಸಿ ಹೇಳಿದರು. ತಂದೆ ಕೇಳಿಕೊಂಡು ಹೆಂಡತಿಗೆ ಕನ್ನಡದಲ್ಲಿ ಹೇಳಹೊರಟನು, ಗಂಟಲು ಕಟ್ಟಿತು. ತಾನು "ಇಲ್ಲ" ಎಂದ ಒಂದು ಮಾತನ್ನು ವೈದ್ಯರು ನಂಬಿದ್ದರೆ ಮಗನಿಗೆ ಅಪೆಂಡಿಕ್ಸಿನದೋ ಟೈಫಾಯಿಡಿನದೋ ಉಪಚಾರ ನಡೆದು, ಈ ಹೃದಯ ಇನ್ನೆರಡು ದಿನ ಹಾಗೆಯೇ ಕುಗ್ಗುತ್ತಿತ್ತು ಎಂಬುದು ಅವನಿಗೆ ಯಾರೂ ಹೇಳದೆ ತಿಳಿಯಿತು.

ಉಪಚಾರ ಅಂದೇ ಶುರುವಾಯಿತು. ಸ್ಟೀರಾಯ್ಡ್, ಆಸ್ಪಿರಿನ್, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್. ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿ ತೆಗೆಯುವ ಔಷಧವಿದು. ಕಿಲೊ ತೂಕಕ್ಕೆ 2 ಗ್ರಾಂ ಲೆಕ್ಕ; 20 ಕಿಲೊ ತೂಗುವ ಹುಡುಗನಿಗೆ 40 ಗ್ರಾಂ, ಎಂದರೆ 5 ಗ್ರಾಮಿನ ಎಂಟು ಸೀಸೆ. ಒಂದೊಂದರ ಬೆಲೆಯೂ ಸಾವಿರಗಳಲ್ಲಿ. ತಾಯಿಯ ಕಿವಿಯ ಬಂಗಾರ ಮಾರಾಟವಾಯಿತು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಒಂದು ವಾರದಲ್ಲಿ ಹುಡುಗ ಎದ್ದು ಕುಳಿತು ಅಜ್ಜಿಯ ಕೈಯ ರೊಟ್ಟಿ ಬೇಕೆಂದನು.

ಬಿಡುಗಡೆಯಾದ ಮೇಲೆ ಕೊಲ್ಹಾಪುರಕ್ಕೆ ಹತ್ತಿರವೆಂದು ಇಚಲಕರಂಜಿಯ ಮನೆಯಲ್ಲಿಯೇ ಉಳಿದರು. ಜುಲೈ 26ಕ್ಕೆ ಮತ್ತೊಂದು ಎಕೋ ಆಗಬೇಕಿತ್ತು. ಅಷ್ಟರಲ್ಲಿ ಪಂಚಗಂಗೆ ಉಕ್ಕಿದಳು. ಶಿರೋಳಿಯ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ಬಂದಾಯಿತು. ತಂದೆ ಈ ಸಲ ಏನನ್ನೂ ಊಹಿಸಿಕೊಳ್ಳಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. ವೈದ್ಯರಿಗೆ ಫೋನು ಮಾಡಿ ಇದ್ದುದನ್ನು ಇದ್ದಂತೆ ಹೇಳಿದನು: ಜ್ವರವಿಲ್ಲ, ಊಟ ಮಾಡುತ್ತಾನೆ, ಮೆಟ್ಟಿಲು ಹತ್ತಿದರೆ ದಣಿಯುತ್ತಾನೆ, ಗುಳಿಗೆ ಇನ್ನು ನಾಲ್ಕು ದಿನಕ್ಕಾಗುವಷ್ಟಿವೆ. ಗುಳಿಗೆ ನಿಲ್ಲಿಸಬಾರದು, ಓಡಾಡಿಸಬಾರದು, ದಾರಿ ತೆರೆದೊಡನೆ ಬರಬೇಕು ಎಂದು ಅವರು ತಿಳಿಸಿದರು. ಬೇಕಾದ ಗುಳಿಗೆಗಳನ್ನು ಇಚಲಕರಂಜಿಯ ಅಂಗಡಿಗಳನ್ನು ಸುತ್ತಿ ತಂದನು. ತಾಯಿ ಅದನ್ನೂ ವಹಿಯಲ್ಲಿ ಬರೆದಳು.

ಆಗಸ್ಟ್ ಮೊದಲ ವಾರದ ಎಕೋದಲ್ಲಿ ಹೃದಯದ ಬಲ 56ಕ್ಕೆ ಏರಿತ್ತು. ತಿಂಗಳ ಕೊನೆಯ ಎಕೋದಲ್ಲಿ ಧಮನಿಗಳೂ ಸಹಜ ಅಳತೆಗೆ ಮರಳಿದ್ದವು. ಆದರೂ ಆರು ತಿಂಗಳು ಓಟ, ಖೊ-ಖೊ, ಕಬಡ್ಡಿ ಬೇಡವೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಉರಿಯೂತ ಕಂಡ ಹೃದಯ ಹೊರಗೆ ಗುಣವಾದಂತೆ ತೋರಿದರೂ ಒಳಗೆ ಮಾಗಲು ಹೊತ್ತು ಬೇಕು.

ಡಿಸೆಂಬರ್ ತಿಂಗಳಲ್ಲಿ ಚಿಕ್ಕ ಮಕ್ಕಳ ಶಾಲೆಯ ಬಾಗಿಲು ತೆರೆಯಿತು. ಮೊದಲ ದಿನವೇ ತಂದೆ ಮಗನ ಕೈಹಿಡಿದು ಬಂದು ಅಕ್ಕೋರ ಮುಂದೆ ನಿಂತನು. ವರಾಂಡದಲ್ಲಿ ಬೇರೆ ಪಾಲಕರೂ ಇದ್ದರು. ಅವರಲ್ಲಿ ಅವನ ಜೊತೆ ಮಗ್ಗ ನಡೆಸುವವರೂ ಇಬ್ಬರಿದ್ದರು.

"ಅಕ್ಕೋರ, ಇವನ್ನ ಜನವರಿ ತನಕ ಆಟಕ್ಕ ಬಿಡಬ್ಯಾಡ್ರಿ," ಎಂದನು. ಒಂದು ಕ್ಷಣ ತಡೆದು, ಎಲ್ಲರಿಗೂ ಕೇಳುವಂತೆ ಮುಂದುವರಿಸಿದನು: "ಮೇ ತಿಂಗಳದಾಗ ನನಗ ಕರೋನಾ ಬಂದಿತ್ರಿ. ನಾ ಯಾರಿಗೂ ಹೇಳಿದ್ದಿಲ್ಲ. ಅದರ ಹಿಂದ ಇವನ ಎದಿಗೆ ಬ್ಯಾನಿ ಬಂತು."

ಯಾರೂ ಹಿಂದೆ ಸರಿಯಲಿಲ್ಲ. ಅಕ್ಕೋರು ಮಾತ್ರ ಆ ವಹಿಯನ್ನು ಕೇಳಿ ಇಸಿದುಕೊಂಡು ಕೊನೆಯ ಪುಟವನ್ನು ನಿಧಾನವಾಗಿ ಓದಿದರು. ಅನಂತರ ಪಾಲಕರತ್ತ ತಿರುಗಿ, ಮನೆಯಲ್ಲಿ ಯಾರಿಗೆ ಯಾವ ಜ್ವರ ಬಂದರೂ ಹೀಗೆಯೇ ತಾರೀಖು ಹಾಕಿ ಬರೆದಿಡಿರಿ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಎಂದು ಹೇಳಿದರು.

ಯಂತ್ರವು ಊದಿದ ಗ್ರಂಥಿಯನ್ನು ತೋರಿಸುತ್ತದೆ, ದಣಿದ ಹೃದಯವನ್ನು ತೋರಿಸುತ್ತದೆ. ಐದು ವಾರಗಳ ಹಿಂದೆ ಮನೆಯಲ್ಲಿ ಏನಾಯಿತೆಂಬುದನ್ನು ಮನೆಯವರೇ ಹೇಳಬೇಕು. ಆಟದ ಹೊತ್ತಿನ ಗಂಟೆ ಬಾರಿಸಿತು. ಹುಡುಗ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ಓಡುವ ಗೆಳೆಯರ ಅಂಕಗಳನ್ನು ಎಣಿಸಿ ತನ್ನ ವಹಿಯಲ್ಲಿ ಬರೆದುಕೊಳ್ಳತೊಡಗಿದನು.